ಪಾಠ ಮುಗಿಸುವುದಷ್ಟೇ ಕಾಯಕವೇ?

ಶಿಕ್ಷಕರ ಬದ್ಧತೆಯ ವಿಷಯ ಬಂದಾಗಲೆಲ್ಲ ನಮ್ಮ ಮಠಗಳ ವೇದಿಕೆಗಳಲ್ಲಿ ‘ಕಾಯಕ’ ಎಂಬ ಮಾತು ಕೇಳಿಬರುತ್ತದೆ. ಬರಬೇಕಾದ್ದೇ. ಆದರೆ ಆ ಮಾತನ್ನು ಹಾಜರಿ ಪುಸ್ತಕದ ಮಟ್ಟಕ್ಕೆ ಇಳಿಸಿಬಿಟ್ಟಿದ್ದೇವೆಯೇ ಎಂಬ ಸಂಶಯ ನನ್ನದು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ರಜೆ ಹಾಕುತ್ತಿರಲಿಲ್ಲ. ಡಿಸೆಂಬರ್‌ನೊಳಗೆ ಹತ್ತನೆಯ ತರಗತಿಯ ಪಾಠಗಳೆಲ್ಲ ಮುಗಿದಿರುತ್ತಿದ್ದವು. ನಿಷ್ಠಾವಂತ ಮೇಷ್ಟ್ರು ಎಂಬ ಹೆಸರೂ ಇತ್ತು. ಒಂದು ದಿನ, ಮುತ್ತಿನಂಥ ಅಕ್ಷರದ, ಒಂದೂ ತಪ್ಪಿಲ್ಲದ ನೋಟ್‌ಬುಕ್ಕಿನ ಹುಡುಗಿಯನ್ನು ಬೋರ್ಡಿಗೆ ಕರೆದೆ. ಸಮೀಕರಣ ಬಿಡಿಸುವುದಿರಲಿ, ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಲೂ ಅವಳಿಗೆ ಬರಲಿಲ್ಲ. ವರ್ಷವಿಡೀ ನಾನು ಬರೆದದ್ದನ್ನು ಅವಳು ಇಳಿಸಿಕೊಂಡಿದ್ದಳು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದೆ. ನನ್ನ ನಿಷ್ಠೆಯೆಲ್ಲ ಪಠ್ಯಕ್ಕಿತ್ತು, ಆ ಮಗುವಿಗಿರಲಿಲ್ಲ. ಅಂದಿನಿಂದ ವಾರಕ್ಕೊಂದು ಪಿರಿಯಡ್ಡನ್ನು ಭಿನ್ನರಾಶಿ, ಭಾಗಾಕಾರಕ್ಕೆ ಮೀಸಲಿಟ್ಟೆ. ಪಾಠ ಹಿಂದೆ ಬಿತ್ತು, ಮಾತೂ ಕೇಳಬೇಕಾಯಿತು.

ಆಯ್ದಕ್ಕಿ ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಗಂಡನ ಶ್ರಮವನ್ನು ಮೆಚ್ಚಿ ಸುಮ್ಮನಾಗಲಿಲ್ಲ; ತಂದ ಅಕ್ಕಿಯನ್ನು ನೋಡಿ ಪ್ರಶ್ನಿಸಿದರು. ಶಿಕ್ಷಕರ ಕಾಯಕವನ್ನೂ ಮಗುವಿಗೆ ದಕ್ಕಿದ್ದೇನೆಂದು ನೋಡಿಯೇ ಅಳೆಯಬೇಕು. ಬರೀ ಫಲಿತಾಂಶದ ಶೇಕಡಾ ಲೆಕ್ಕ ಸಾಲದು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ!

ಇನ್ನೊಂದು ಮಾತು, ಇದು ನಮ್ಮವರಿಗೇ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಮಂದಿ ಶಿಕ್ಷಕರ ತ್ಯಾಗವನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದು ಅವರು ತಾವಾಗಿ ಆರಿಸಿಕೊಂಡ ತ್ಯಾಗ. ಅನುದಾನರಹಿತ ಶಾಲೆಯಲ್ಲಿ ಪುಡಿಗಾಸು ಕೊಟ್ಟು, ಬೇಸಿಗೆಯ ಎರಡು ತಿಂಗಳ ಸಂಬಳವನ್ನೂ ಹಿಡಿದು, ‘ಇದು ಕಾಯಕ, ಹಣದ ಮಾತೇಕೆ’ ಎನ್ನುವುದು ಬಿಟ್ಟಿ ಚಾಕರಿ ಮಾಡಿಸುವುದಷ್ಟೇ. ಶರಣರು ಕಾಯಕದ ಪ್ರತಿಫಲ ಬೇಡವೆಂದವರಲ್ಲ. ಅದರಿಂದಲೇ ಬದುಕಿದರು, ಅದರಿಂದಲೇ ದಾಸೋಹ ಮಾಡಿದರು. ಸಂಸಾರ ತೂಗಿಸಲು ಸಂಜೆ ಟ್ಯೂಷನ್ನಿಗೆ ಓಡುವ ಶಿಕ್ಷಕಿ ನಲವತ್ತು ನೋಟ್‌ಬುಕ್ಕುಗಳನ್ನು ಯಾವಾಗ ನೋಡಿಯಾರು? ಪೂರ್ಣ ಸಂಬಳ ಪಡೆದೂ ನೋಡದವರಿಗೆ ಮಾತ್ರ ಈ ನೆಪವಿಲ್ಲ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ತಮ್ಮ ಶಾಲೆಗೆ ದಯಮಾಡಿಸಿದಾಗ ಹಾರ ತುರಾಯಿ ಬದಿಗಿರಿಸಿ ಎಂಟನೆಯ ತರಗತಿಗೆ ಹೋಗಿ, ಹಿಂದಿನ ಬೆಂಚಿನ ಮಗುವಿನಿಂದ ಒಂದು ಪುಟ ಓದಿಸಬೇಕು. ಆಮೇಲೆ ಸಂಬಳದ ರಿಜಿಸ್ಟರನ್ನೂ ತರಿಸಿ ನೋಡಬೇಕು.