ಏಳು ಮಂದಿ ಮಕ್ಕಳು ಎಲ್ಲಿ ಹೋದರು?

ಕಳೆದ ವರ್ಷ ನಮ್ಮ ಶಾಲೆಯ ಕನ್ನಡ ಮಕ್ಕಳ ಸಂಖ್ಯೆಯನ್ನು ಮೇಲಿನವರಿಗೆ ತಿಳಿಸಬೇಕಾಗಿದ್ದಿತು. ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ನಾವು ಎಣಿಸಿದಾಗ ೪೩ ಆಯಿತು. ಅದೇ ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸಿ, 'ಆರ್' ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಿಂದ ಎಣಿಸಿದಾಗ ೩೬!

ಏಳರ ವ್ಯತ್ಯಾಸವೆಂದರೆ ಸಣ್ಣ ಮಾತೇ ಎಂದು ವಾಚಕರು ಕೇಳಬಹುದು. ೧೯೪೯ರ ಆಗಸ್ಟ್ ತಿಂಗಳಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು. ಪ್ರಾಥಮಿಕ ಶಾಲೆಯಲ್ಲಿ ಒಟ್ಟು ೪೦ ಮಂದಿ, ಇಲ್ಲವೆ ಒಂದು ತರಗತಿಯಲ್ಲಿ ೧೦ ಮಂದಿ ಬೇರೆ ಮಾತೃಭಾಷೆಯ ಮಕ್ಕಳಿದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯರನ್ನಾದರೂ ಒದಗಿಸಬೇಕೆಂಬುದೇ ಅದು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಬೇರ್ಪಟ್ಟಂದಿನಿಂದ ನಮ್ಮವರಿಗೆ ೪೦ ಎಂಬ ಅಂಕೆ ಬಾಯಿಪಾಠ. ೪೩ ಇದ್ದರೆ ಕೇಳುವ ಹಕ್ಕುಂಟು. ೩೬ ಎಂದರೆ ಬಾಯಿ ಮುಚ್ಚಿ ಕೂರಬೇಕು.

ಕಡತವನ್ನು ತೆರೆದು ಸಾಲುಸಾಲಾಗಿ ನೋಡಿದೆವು. ಅದು ಸಾದಾ ಅಕ್ಷರಗಳ ಕಡತ. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಗೋಡೆಯೆಂದರೆ ಒಂದು ಅಲ್ಪವಿರಾಮ ಮಾತ್ರ. ಇಬ್ಬರು ಮಕ್ಕಳ ವಿಳಾಸದ ಒಳಗೇ ಒಂದು ಅಲ್ಪವಿರಾಮವಿದ್ದಿತು. ಯಂತ್ರವು ಅದನ್ನೂ ಗೋಡೆಯೆಂದೇ ತಿಳಿಯಿತು. ಮಾತೃಭಾಷೆಯ ಮನೆಯಲ್ಲಿ ಊರಿನ ಹೆಸರು ಬಂದು ಕುಳಿತಿತು. ಸಾಲಿನ ಬಾಲವು ಕೆಳಗೆ ಹೊಸ ಸಾಲಾಗಿ ಇಳಿಯಿತು. ಮೂವರ ಮುಂದೆ 'ಕನ್ನಡ' ಎಂದೇ ಇದ್ದಿತಾದರೂ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ತೆರಪು ಅಂಟಿಕೊಂಡಿದ್ದಿತು. ನಮಗೆ ಎರಡೂ ಕನ್ನಡವೇ. ಯಂತ್ರಕ್ಕೆ ಅವು ಎರಡು ಭಾಷೆಗಳು! ಉಳಿದಿಬ್ಬರ ಭಾಷೆಯನ್ನು ಬೆರಳಚ್ಚಿಸಿದವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಎರಡು, ಮೂರು, ಎರಡು: ಏಳು ಮಂದಿಯೂ ಸಿಕ್ಕರು.

ವಿಳಾಸಗಳನ್ನು ಉದ್ಧರಣ ಚಿಹ್ನೆಗಳ ನಡುವೆ ಇರಿಸಿದೆವು. ಕಡತವನ್ನು ಓದಿಸುವಾಗಲೇ ತೆರಪುಗಳನ್ನು ಕಳೆಯಲು 'ಸ್ಟ್ರಿಪ್ ಡಾಟ್ ವೈಟ್' ಎಂಬ ಸೂಚನೆಯುಂಟು. ತಾನಾಗಿ ಅದು ನಡೆಯದು, ನಾವು ಹೇಳಬೇಕು. ಮಕ್ಕಳ ದಾಖಲೆ ಸಂಖ್ಯೆಯನ್ನು ಅಂಕೆಯೆಂದು ಬಗೆಯದೆ ಅಕ್ಷರವೆಂದು ಓದೆಂದು ತಿಳಿಸಿದೆವು. ಇಲ್ಲವಾದರೆ ೦೦೭ ಎಂಬುದು ಬರಿಯ ೭ ಆಗುತ್ತದೆ. ವಯಸ್ಸನ್ನು ಮಾತ್ರ ಕನ್ನಡ ಅಂಕೆಗಳಲ್ಲಿ ಬರೆಯುವ ಅಭಿಮಾನವನ್ನು ಬಿಡಬೇಕಾಯಿತು. ಈ ತಂತ್ರಾಂಶವು ೧೨ನ್ನು ಸಂಖ್ಯೆಯೆಂದು ಒಪ್ಪದು. ನಮಗೆ ಬೇಸರವಾದದ್ದು ನಿಜ.

ಕಡತವನ್ನು ಉಳಿಸುವಾಗ 'ಯುಟಿಎಫ್-೮' ಎಂಬ ಬಗೆಯನ್ನೇ ಆರಿಸತಕ್ಕದ್ದು. ಹಳೆಯ 'ಆನ್ಸಿ' ಬಗೆಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ. ಮತ್ತೆ ಮರಳಿ ಬಾರದು. ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿಗೆ ೧೨೮ ಸ್ಥಾನಗಳು, ಅದರ ಬೆನ್ನಿಗೇ ಕನ್ನಡಕ್ಕೆ ೧೨೮. ಅಲ್ಲಿಯೂ ನಾವು ಗಡಿಯ ನೆರೆಹೊರೆಯವರೇ!

ಓದಿಸಿದ ಕೂಡಲೆ ಸಾಲುಗಳ ಮೊತ್ತವನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದ್ದರೆ ಇಷ್ಟೆಲ್ಲ ತೊಂದರೆಯೇ ಇರುತ್ತಿರಲಿಲ್ಲ. ಮಕ್ಕಳಿಗಿಂತ ಎರಡು ಸಾಲು ಹೆಚ್ಚಾಗಿದ್ದುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಗಣಿತ ಕಲಿಸುವವರಿಗೆ ಇದು ಶೋಭೆಯಲ್ಲ.

ಜನಗಣತಿಯ ಕೋಷ್ಟಕಗಳಲ್ಲಿ ನಮ್ಮವರನ್ನು ಹುಡುಕುವವರಿಗೆ ಒಂದು ಮಾತು. ೨೦೧೧ರ ಗಣತಿಯಲ್ಲಿ ತೆಲಂಗಾಣವಿಲ್ಲ. ಅದು ಹುಟ್ಟಿದ್ದು ೨೦೧೪ರ ಜೂನ್ ೨ರಂದು. ಇಂದಿನ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳು ೨೦೧೬ರವು. ಆ ಕಡತದಲ್ಲಿ ಜಹೀರಾಬಾದ್, ನಾರಾಯಣಖೇಡಗಳನ್ನು ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿಯೂ ತಾಂಡೂರನ್ನು ರಂಗಾರೆಡ್ಡಿ ಜಿಲ್ಲೆಯಲ್ಲಿಯೂ ಹುಡುಕಬೇಕು. ತೆಲಂಗಾಣವೆಂದು ಕೇಳಿದರೆ ಯಂತ್ರವು ಸೊನ್ನೆ ಎನ್ನುತ್ತದೆ.