ಒಪ್ಪಿ ಬೇರ್ಪಡುವವರಿಗೆ ಎರಡು ಮಾತು

ಗೃಹಸ್ಥಧರ್ಮವನ್ನು ಕುರಿತು ಬರೆಯುವ ಈ ಪುಟದಲ್ಲಿ ದಾಂಪತ್ಯವನ್ನು ಬಿಡಿಸುವ ವಿಚಾರವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಮನೆಯವರು ತಿಳಿದಿರಬೇಕಾದ ಸಂಗತಿಗಳಲ್ಲಿ ಇದೂ ಒಂದೆಂಬುದನ್ನು ಅಲ್ಲಗಳೆಯುವಂತಿಲ್ಲ. ಹಿಂದೆ ನಮ್ಮಲ್ಲಿ ಓದಿದ ಹೆಣ್ಣುಮಗಳೊಬ್ಬಳು ಒಂದು ಸಾಯಂಕಾಲ ಮನೆಗೆ ಬಂದು, "ಮೇಷ್ಟ್ರೇ, ನಮ್ಮಿಬ್ಬರಿಗೂ ಈಗ ಜಗಳವಿಲ್ಲ, ಜೊತೆಯಲ್ಲಿ ಬಾಳುವ ಆಸೆಯೂ ಇಲ್ಲ. ವಕೀಲರಿಗೆ ಕೊಡುವ ಹಣವನ್ನು ಮಗುವಿಗಾದರೂ ಇಡೋಣ ಎಂದುಕೊಂಡಿದ್ದೇವೆ. ಈ ಕಾಗದವನ್ನು ಒಮ್ಮೆ ತಿದ್ದಿಕೊಡಿ" ಎಂದು ಕೇಳಿದಳು. ನಾವು ನ್ಯಾಯವಾದಿಗಳಲ್ಲ, ಪಾಠ ಹೇಳಿ ನಿವೃತ್ತರಾದವರು. ಆದರೂ ಕಾಯಿದೆಯನ್ನು ತರಿಸಿ ಓದಿದೆವು. ಆಗ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಪರಸ್ಪರ ಒಪ್ಪಿ ಅಗಲುವುದು ನಮ್ಮವರಿಗೆ ತೀರ ಹೊಸ ಮಾತಲ್ಲ. ಗಂಡಹೆಂಡಿರಲ್ಲಿ ಪರಸ್ಪರ ದ್ವೇಷವುಂಟಾದಾಗ ಬಿಡುಗಡೆಯುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುತ್ತದೆ. ಬ್ರಾಹ್ಮವೇ ಮೊದಲಾದ ನಾಲ್ಕು ಧರ್ಮವಿವಾಹಗಳಿಗೆ ಮಾತ್ರ ಅದು ಸಲ್ಲದೆಂದು ಕಟ್ಟು ಹಾಕುತ್ತದೆ. ಆ ಬಿಡುಗಡೆಗೆ ಅಲ್ಲಿ ಬಳಸಿರುವ ಶಬ್ದವು 'ಮೋಕ್ಷ' ಎಂಬುದು ಗಮನಾರ್ಹ. ಈಚಿನ ಕಾಲದಲ್ಲಿ, ಬೊಂಬಾಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳ ಹಿಂದೂಗಳಿಗೆ 1947ರಲ್ಲಿಯೂ, ಮದರಾಸು ಪ್ರಾಂತದಲ್ಲಿದ್ದ ಮಂಗಳೂರು, ಬಳ್ಳಾರಿಗಳವರಿಗೆ 1949ರಲ್ಲಿಯೂ ವಿಚ್ಛೇದನದ ಕಾಯಿದೆಗಳು ಬಂದುವು. 1955ರ ಹಿಂದೂ ವಿವಾಹ ಕಾಯಿದೆಯು ದೇಶಕ್ಕೆಲ್ಲ ಒಂದು ಕ್ರಮವನ್ನು ತಂದಿತು. ಆದರೂ ಒಬ್ಬರು ಇನ್ನೊಬ್ಬರ ಮೇಲೆ ದೋಷವನ್ನು ಹೊರಿಸಿ ಸಾಧಿಸಬೇಕಾಗಿದ್ದಿತು. ದೋಷಾರೋಪಣೆಯಿಲ್ಲದೆ ಇಬ್ಬರೂ ಕೂಡಿ ಅರ್ಜಿಯನ್ನು ಹಾಕುವ ಮಾರ್ಗವನ್ನು ತೆರೆದುದು 1976ರ ತಿದ್ದುಪಡಿಯಿಂದ ಸೇರಿದ 13-ಬಿ ಕಲಮು.

ಈ ಕಲಮು ಕೇಳುವುದು ಮೂರೇ ಸಂಗತಿಗಳನ್ನು: ದಂಪತಿಗಳು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿರಬೇಕು, ಕೂಡಿ ಬಾಳಲು ಆಗದಂತಾಗಿರಬೇಕು, ವಿವಾಹವನ್ನು ಮುಗಿಸಲು ಇಬ್ಬರೂ ಒಪ್ಪಿರಬೇಕು. ಬೇರೆಯಾಗಿರುವುದೆಂದರೆ ಗಂಡಹೆಂಡಿರಂತೆ ಬಾಳದಿರುವುದು. ಒಂದೇ ಸೂರಿನ ಕೆಳಗಿದ್ದರೂ ಬೇರೆಯಾಗಿರಬಹುದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಹೇಳಿದೆ. ಮದುವೆ ನಡೆದ ಊರಿನ, ಕೊನೆಯದಾಗಿ ಕೂಡಿದ್ದ ಊರಿನ, ಅಥವಾ ಹೆಂಡತಿಯು ಈಗ ವಾಸಿಸುವ ಊರಿನ ಕುಟುಂಬ ನ್ಯಾಯಾಲಯದಲ್ಲಿ ಅರ್ಜಿಯನ್ನು ಸಲ್ಲಿಸಬಹುದು. ಮದುವೆಯ ನೋಂದಣಿಪತ್ರ ಅಥವಾ ಲಗ್ನಪತ್ರಿಕೆ, ಮದುವೆಯ ಛಾಯಾಚಿತ್ರ, ಇಬ್ಬರ ಗುರುತಿನ ಹಾಗೂ ವಿಳಾಸದ ದಾಖಲೆಗಳು, ಪ್ರಮಾಣಪತ್ರಗಳು, ಒಪ್ಪಂದದ ಕಾಗದ, ಇವನ್ನು ಅರ್ಜಿಯೊಡನೆ ಜೋಡಿಸುವುದು ವಾಡಿಕೆ.

ವಕೀಲರಿಲ್ಲದೆ ಇದಾಗುವುದೇ ಎಂಬುದು ಮುಖ್ಯ ಪ್ರಶ್ನೆ. ಆಗುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 13ನೆಯ ಕಲಮಿನಂತೆ ಅಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿಗಾರನ ಹಕ್ಕೇ ಅಲ್ಲ. ಅಗತ್ಯವೆಂದು ಕಂಡರೆ ನ್ಯಾಯಾಲಯವೇ ಕಾನೂನು ಬಲ್ಲವರೊಬ್ಬರ ಸಹಾಯವನ್ನು ಪಡೆಯುತ್ತದೆ. ಆದುದರಿಂದ ಖುದ್ದಾಗಿ ನಿಂತು ಹೇಳಿಕೆಯನ್ನು ಕೊಡಲು ಯಾರೂ ಅಂಜಬೇಕಾಗಿಲ್ಲ. ಅರ್ಜಿ ಹಾಕಿದ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ತಮ್ಮ ಮನಸ್ಸು ಬದಲಾಗಿಲ್ಲವೆಂದು ಹೇಳಬೇಕು. ಒಪ್ಪಿಗೆಯು ಬಲಾತ್ಕಾರದಿಂದಲೋ ಮೋಸದಿಂದಲೋ ಬಂದುದಲ್ಲವೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಡಿಕ್ರಿಯಾಗುತ್ತದೆ. ಅಲ್ಲಿಯವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ಸಂಧಾನವು ವಿಫಲವಾಗಿ, ಜೀವನಾಂಶ, ಮಗುವಿನ ಪಾಲನೆ ಮೊದಲಾದುವೆಲ್ಲ ನಿಜವಾಗಿ ತೀರ್ಮಾನವಾಗಿದ್ದರೆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯವು ಬಿಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ.

ಇಷ್ಟನ್ನು ತಿಳಿದ ಮೇಲೆ ಆ ಹುಡುಗಿಯ ಕಾಗದವನ್ನು ತೆಗೆದೆವು. ಅರ್ಜಿಯಲ್ಲಿ ತಪ್ಪಿರಲಿಲ್ಲ. ಜೊತೆಗಿದ್ದ ಒಪ್ಪಂದವನ್ನು ನೋಡಿ ನಮ್ಮ ಎದೆ ಝಲ್ಲೆಂದಿತು. "ಒಡವೆಗಳನ್ನು ಅನುಕೂಲವಾದಾಗ ಹಿಂದಿರುಗಿಸತಕ್ಕದ್ದು, ಮಗುವಿನ ಖರ್ಚನ್ನು ಯಥಾಶಕ್ತಿ ನೋಡಿಕೊಳ್ಳತಕ್ಕದ್ದು, ಇನ್ನು ಮುಂದೆ ಪರಸ್ಪರ ಯಾವ ಹಕ್ಕೂ ಇಲ್ಲ" ಎಂದಿದ್ದಿತು. ತಾಯಿ ಹಾಕಿದ್ದ ನಾಲ್ಕು ಬಳೆಗಳು ಇನ್ನೂ ಅತ್ತೆಯ ಬೀರುವಿನಲ್ಲಿಯೇ ಇದ್ದುವು. "ಹೇಗೋ ಮುಗಿದರೆ ಸಾಕು, ಮೇಷ್ಟ್ರೇ" ಎಂದಳು. ಬೇಗ ಮುಗಿಯಲೆಂಬ ಆಸೆಯಿಂದ ತನ್ನದನ್ನು ಮಾತ್ರವಲ್ಲದೆ ಮಗುವಿನದನ್ನೂ ಬಿಟ್ಟುಕೊಡಲು ಹೊರಟಿದ್ದಳು.

ಮರುವಾರ ಆ ಹುಡುಗನನ್ನೂ ಬರಮಾಡಿಕೊಂಡೆವು. ಸಭ್ಯನೇ. "ಬಳೆಯೇನು ದೊಡ್ಡ ಮಾತು ಸಾರ್, ಕೊಡುತ್ತೇನೆ" ಎಂದನು. "ಯಾವಾಗಪ್ಪಾ?" ಎಂದೆವು. ಅವನು ಸುಮ್ಮನಾದನು. ಆಗ ನಾವು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಆರು ಕಾರಕಗಳನ್ನೇ ಹಲಗೆಯ ಮೇಲೆ ಬರೆದು ಇಬ್ಬರನ್ನೂ ಕೇಳಿದೆವು. ಕರ್ತೃ, ಕೊಡುವವರು ಯಾರು? ಕರ್ಮ, ಕೊಡತಕ್ಕ ಮೊತ್ತವೆಷ್ಟು, ವಸ್ತು ಯಾವುದು, ಅದರ ತೂಕವೆಷ್ಟು? ಕರಣ, ಯಾವುದರ ಮೂಲಕ, ನಗದೋ ಬ್ಯಾಂಕೋ? ಸಂಪ್ರದಾನ, ತಾಯಿಗೋ, ಮಗುವಿನ ಹೆಸರಿನ ಖಾತೆಗೋ? ಅಪಾದಾನ, ಯಾರ ವಶದಿಂದ ಬರಬೇಕು? ಅಧಿಕರಣ, ಎಲ್ಲಿ, ಯಾವ ದಿನ? ಈ ಆರಕ್ಕೂ ಉತ್ತರವಿಲ್ಲದ ವಾಕ್ಯಕ್ಕೆ ರುಜು ಹಾಕಕೂಡದೆಂದೆವು. ಎರಡು ಗಂಟೆಗಳ ಕಾಲ ಕುಳಿತು ಬರೆದರು. ಬಳೆಗಳನ್ನು ಎರಡನೆಯ ಹೇಳಿಕೆಗೆ ಮೊದಲೇ ಒಪ್ಪಿಸಬೇಕೆಂದು, ಶಾಲೆಯ ಶುಲ್ಕವನ್ನು ಇಂಥ ತಿಂಗಳಲ್ಲಿ ಕಟ್ಟಬೇಕೆಂದು, ಮಗುವು ಯಾವ ಭಾನುವಾರ ಯಾರ ಮನೆಯಲ್ಲಿರಬೇಕೆಂದು ತೀರ್ಮಾನವಾಯಿತು. ಅದೇ ಪ್ರಕಾರ ನಡೆಯಿತೆಂದು ಮುಂದೆ ಕೇಳಿ ಸಮಾಧಾನಪಟ್ಟೆವು.

ವಾಚಕರು ಇಲ್ಲಿ ಎರಡನ್ನು ನೆನಪಿಡಬೇಕು. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು. ಅದನ್ನು ಹಿಂದಿರುಗಿಸುವುದು ಯಾರ ಔದಾರ್ಯವೂ ಅಲ್ಲ. ಇನ್ನು ಮಗುವಿನ ಪೋಷಣೆಯು ಮಗುವಿನ ಹಕ್ಕಾದುದರಿಂದ ತಾಯಿಯು ಬೇಡವೆಂದು ಬರೆದುಕೊಟ್ಟರೂ ಅದು ಅಳಿಯುವುದಿಲ್ಲ.

ಆದರೆ ವಕೀಲರಿಲ್ಲದೆ ಹೋಗಬಹುದೆಂಬ ಮಾತು ಎಲ್ಲರಿಗೂ ಒಪ್ಪುವುದಲ್ಲ. ಹೊಡೆತ ಬಡಿತಗಳಿದ್ದ ಮನೆಯಲ್ಲಿ, ಒಬ್ಬರು ಮಾತ್ರ ಬರೆದು ಇನ್ನೊಬ್ಬರು ಅಂಜಿ ರುಜು ಹಾಕುವಲ್ಲಿ, ಮನೆ ಜಮೀನುಗಳ ವಿಭಾಗವಿರುವಲ್ಲಿ ಒಂಟಿಯಾಗಿ ಹೋಗುವುದು ಉಳಿತಾಯವಲ್ಲ, ನಷ್ಟ. ಅಂಥ ಸೋದರಿಯರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. 1987ರ ಕಾಯಿದೆಯಂತೆ ಹೆಂಗಸರಿಗೆ, ಅವರ ವರಮಾನವೆಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. 15100 ಎಂಬ ದೂರವಾಣಿ ಸಂಖ್ಯೆಯಿಂದಲೂ ವಿಚಾರಿಸಬಹುದು. ಅನ್ಯಧರ್ಮೀಯರಿಗೂ, 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾದವರಿಗೂ ಅವರವರ ಕಾನೂನುಗಳು ಬೇರೆಯಿವೆ. ಅವನ್ನು ಅಲ್ಲಿಯೇ ಕೇಳಿ ತಿಳಿಯುವುದು ಲೇಸು.

ವಿವಾಹಕ್ಕೆ ಮುಹೂರ್ತವನ್ನು ಘಳಿಗೆ ವಿಘಳಿಗೆಗಳವರೆಗೆ ಲೆಕ್ಕ ಹಾಕುವ ನಾವು ಅಗಲುವಾಗ ದಿನಾಂಕವನ್ನೂ ಬರೆಯದೆ ಬಿಡುವುದು ಸರಿಯೇ? ಷಷ್ಠೀ ವಿಭಕ್ತಿಯು ಹೇಳುವ ಸಂಬಂಧವು ಕಾರಕಗಳಲ್ಲಿ ಸೇರದೆಂದು ವೈಯಾಕರಣರ ಮತ. ಗಂಡಹೆಂಡಿರೆಂಬ ಸಂಬಂಧವನ್ನು ಡಿಕ್ರಿಯು ಅಳಿಸಬಲ್ಲುದು. ಕೊಡತಕ್ಕದ್ದನ್ನು ಕೊಡುವ, ಮಾಡತಕ್ಕದ್ದನ್ನು ಮಾಡುವ ಕ್ರಿಯೆಗಳು ಆಮೇಲೂ ಉಳಿಯುತ್ತವೆ. ಇಬ್ಬರ ನಡುವೆ ಒಂದು ಮಗುವಿದ್ದರಂತೂ ಅವು ಬಹುಕಾಲ ಉಳಿಯುತ್ತವೆ.