ಇಪ್ಪತ್ನಾಲ್ಕು ಗಂಟೆ ಓಡುವ ಮೀಟರು: ಲೆಕ್ಕಕ್ಕೆ ಬಾರದ ಖರ್ಚು

ವ್ಯಾಪಾರದ ಖರ್ಚುಗಳನ್ನು ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚ ಎಂದು ಎರಡಾಗಿ ವಿಂಗಡಿಸುವುದು ಲೆಕ್ಕಶಾಸ್ತ್ರದ ಮೊದಲ ಪಾಠ. ಅಂಗಡಿಯ ಬಾಡಿಗೆ ಸ್ಥಿರ ವೆಚ್ಚ. ವ್ಯಾಪಾರ ನಡೆಯಲಿ, ನಡೆಯದಿರಲಿ, ಅದನ್ನು ತೆರಲೇಬೇಕು. ಕಚ್ಚಾ ಮಾಲಿನ ಖರ್ಚು ಉತ್ಪಾದನೆಯೊಂದಿಗೆ ಏರುತ್ತದೆ, ಇಳಿಯುತ್ತದೆ. ವಿದ್ಯುತ್ ಬಿಲ್ಲಿನಲ್ಲಿಯೂ ಈ ಎರಡು ಭಾಗಗಳಿವೆ: ಮಂಜೂರಾದ ಹೊರೆಗೆ ತಕ್ಕ ನಿಗದಿತ ಶುಲ್ಕ ಒಂದು, ಬಳಸಿದ ಯೂನಿಟ್‌ಗಳ ಮೇಲಿನ ಶುಲ್ಕ ಇನ್ನೊಂದು. ಈ ಎರಡನೆಯ ಭಾಗವು ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ ಎಂದೇ ಬಹುತೇಕ ವರ್ತಕರ ಮತ್ತು ಗೃಹಸ್ಥರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸತ್ಯ. ಯೂನಿಟ್‌ಗಳ ಲೆಕ್ಕದೊಳಗೇ ಇನ್ನೊಂದು ಸ್ಥಿರ ವೆಚ್ಚ ಅಡಗಿ ಕುಳಿತಿದೆ. ಅಂಗಡಿಯ ಬಾಗಿಲು ಹಾಕಿದ ಮೇಲೂ, ಮನೆಯವರೆಲ್ಲ ಮಲಗಿದ ಮೇಲೂ ಮೀಟರು ಓಡುತ್ತಲೇ ಇರುತ್ತದೆ.

ಹಿಂದೆ ಮನೆಯಲ್ಲಿ ಸದಾಕಾಲ ವಿದ್ಯುತ್ ಬಳಸುವ ಸಾಧನವೆಂದರೆ ರೆಫ್ರಿಜರೇಟರ್ ಒಂದೇ. ಇಂದು ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ಇನ್ವರ್ಟರ್, ಗಡಿಯಾರವುಳ್ಳ ಮೈಕ್ರೋವೇವ್ ಒಲೆ, ರಿಮೋಟಿಗಾಗಿ ಕಾದು ಕುಳಿತ ಟಿ.ವಿ., ಸಿಸಿಟಿವಿ ಕ್ಯಾಮೆರಾ ಇವೆಲ್ಲವೂ ಹಗಲಿರುಳು ವಿದ್ಯುತ್ ಕುಡಿಯುತ್ತಿವೆ. ಇವುಗಳಲ್ಲಿ ಕೆಲವು ಕಾನೂನಿನ ಮೂಲಕವೇ ಮನೆ ಹೊಕ್ಕವು. ಕೇಬಲ್ ಟಿ.ವಿ. ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯ ಪ್ರಕಾರ ಡಿಜಿಟಲ್ ಪ್ರಸಾರ ಕಡ್ಡಾಯವಾಯಿತು. ಎರಡನೆಯ ಹಂತದಲ್ಲಿ, 2013ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ, ಬೆಂಗಳೂರು ಮತ್ತು ಮೈಸೂರು ನಗರಗಳು ಇದರ ವ್ಯಾಪ್ತಿಗೆ ಬಂದವು. ಚಿತ್ರ ಸ್ಪಷ್ಟವಾಯಿತು, ವಾಹಿನಿಗಳು ಹೆಚ್ಚಿದವು. ಆದರೆ ಪ್ರತಿ ಟಿ.ವಿ.ಯ ಪಕ್ಕದಲ್ಲಿ ಸದಾ ಬೆಚ್ಚಗಿರುವ ಪೆಟ್ಟಿಗೆಯೊಂದು ಬಂದು ಕುಳಿತಿತು ಎಂಬುದನ್ನು ಲೆಕ್ಕ ಹಾಕಿದವರು ವಿರಳ.

ಒಂದು ವಾಟ್‌ನ ಬೆಲೆ

ವರ್ಷಕ್ಕೆ 8,760 ಗಂಟೆಗಳು. ಒಂದು ವಾಟ್ ಸಾಮರ್ಥ್ಯದ ಹೊರೆ ವರ್ಷವಿಡೀ ಓಡಿದರೆ 8.76 ಯೂನಿಟ್ ಖರ್ಚಾಗುತ್ತದೆ. ಶುಲ್ಕ, ತೆರಿಗೆಗಳನ್ನೆಲ್ಲ ಸೇರಿಸಿ ಲೆಕ್ಕದ ಅನುಕೂಲಕ್ಕಾಗಿ ಮನೆಗೆ ಯೂನಿಟ್‌ಗೆ 7 ರೂಪಾಯಿ, ಅಂಗಡಿಗೆ 8 ರೂಪಾಯಿ ಎಂದು ಹಿಡಿದರೆ, ನಿರಂತರವಾಗಿ ಓಡುವ ಪ್ರತಿ ಒಂದು ವಾಟ್‌ಗೆ ಮನೆಯಲ್ಲಿ ಸುಮಾರು 61 ರೂಪಾಯಿ, ಅಂಗಡಿಯಲ್ಲಿ ಸುಮಾರು 70 ರೂಪಾಯಿ ವಾರ್ಷಿಕ ವೆಚ್ಚ ತಗಲುತ್ತದೆ. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ಸಾಧನದ ಖರ್ಚನ್ನಾದರೂ ಬಾಯಿಲೆಕ್ಕದಲ್ಲಿಯೇ ಹೇಳಬಹುದು.

ಒಂದು ಮಧ್ಯಮ ವರ್ಗದ ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೆಟ್‌ಟಾಪ್ ಬಾಕ್ಸ್ 10 ವಾಟ್, ರೂಟರ್ 8 ವಾಟ್, ಬ್ಯಾಟರಿ ತುಂಬಿದ ನಂತರವೂ ಇನ್ವರ್ಟರ್ ಎಳೆಯುವುದು 15 ವಾಟ್, ಟಿ.ವಿ. ಮತ್ತು ಇತರೆ ಸಾಧನಗಳ ಕಾಯುವ ಸ್ಥಿತಿಗೆ 3 ವಾಟ್, ಒಟ್ಟು 36 ವಾಟ್. ಮಾದರಿಯಿಂದ ಮಾದರಿಗೆ ಈ ಅಂಕಿಗಳು ಹೆಚ್ಚು ಕಡಿಮೆ ಆಗುವುದು ಸಹಜ. ವರ್ಷಕ್ಕೆ ಇದು 315 ಯೂನಿಟ್, ಸುಮಾರು 2,200 ರೂಪಾಯಿ. ತಿಂಗಳಿಗೆ 26 ಯೂನಿಟ್. ಇದರಲ್ಲಿ ಒಂದು ದೀಪವೂ ಉರಿದಿಲ್ಲ, ಒಂದು ಫ್ಯಾನೂ ತಿರುಗಿಲ್ಲ.

ಇಲ್ಲಿ ಸೆಟ್‌ಟಾಪ್ ಬಾಕ್ಸಿನ ವಿಷಯ ವಿಶೇಷವಾಗಿ ಗಮನಾರ್ಹ. ರಿಮೋಟಿನ ಗುಂಡಿ ಒತ್ತಿದಾಗ ಅನೇಕ ಪೆಟ್ಟಿಗೆಗಳಲ್ಲಿ ಬದಲಾಗುವುದು ದೀಪದ ಬಣ್ಣ ಮಾತ್ರ. ಒಳಗಿನ ವಿದ್ಯುನ್ಮಂಡಲ ಬಹುಪಾಲು ಎಂದಿನಂತೆಯೇ ಕೆಲಸ ಮಾಡುತ್ತಿರುತ್ತದೆ. ಅಮೆರಿಕದ ನೈಸರ್ಗಿಕ ಸಂಪನ್ಮೂಲ ರಕ್ಷಣಾ ಮಂಡಳಿಯು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ರಲ್ಲಿ ಆ ದೇಶದ ಇಂತಹ ಪೆಟ್ಟಿಗೆಗಳು ಸುಮಾರು 2,700 ಕೋಟಿ ಯೂನಿಟ್ ವಿದ್ಯುತ್ ಬಳಸಿದ್ದವು. ಅದರ ಮೂರನೆಯ ಎರಡು ಭಾಗ ಯಾರೂ ಟಿ.ವಿ. ನೋಡದ ಹೊತ್ತಿನಲ್ಲಿ ಖರ್ಚಾದದ್ದು.

ನಿಶ್ಶುಲ್ಕ ವಿದ್ಯುತ್ತಿನ ಪ್ರಶ್ನೆ

ರಾಜ್ಯದಲ್ಲಿ 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿದೆ. ಆದ್ದರಿಂದ ಮನೆಯ ಮಟ್ಟಿಗೆ ಈ ಲೆಕ್ಕವೇ ಅನಗತ್ಯ ಎಂಬ ವಾದ ಕೇಳಿಬರುವುದು ಸಹಜ. ಈ ವಾದವನ್ನು ಎರಡು ಕಾರಣಗಳಿಗಾಗಿ ಒಪ್ಪಲಾಗದು.

ಮೊದಲನೆಯದು, ಯೋಜನೆಯ ಲಾಭಕ್ಕೆ ಮಿತಿಯಿದೆ. 2022-23ರ ಮಾಸಿಕ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸಲಾಗಿದೆ. ಅತಿ ಕಡಿಮೆ ಬಳಕೆಯವರಿಗೆ 2024ರಲ್ಲಿ ಈ ಶೇ. 10ರ ಬದಲು 10 ಯೂನಿಟ್ ಸೇರಿಸಲಾಯಿತು. ಅರ್ಹತೆಯನ್ನು ಮೀರಿದ ಯೂನಿಟ್‌ಗಳಿಗೆ ಹಣ ತೆರಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕು. ಸರಾಸರಿ 180 ಯೂನಿಟ್ ಇದ್ದ ಮನೆಯ ಅರ್ಹತೆ 198 ಯೂನಿಟ್. ಆ ಮನೆಯಲ್ಲಿ ಒಂದು ತಿಂಗಳು 205 ಯೂನಿಟ್ ಖರ್ಚಾದರೆ ಸಾವಿರ ರೂಪಾಯಿ ಮೀರಿದ ಬಿಲ್ಲು ಬರುತ್ತದೆ. ಸೆಟ್‌ಟಾಪ್ ಬಾಕ್ಸ್, ಟಿ.ವಿ. ಮುಂತಾದವನ್ನು ದಿನಕ್ಕೆ 18 ಗಂಟೆ, ರೂಟರನ್ನು ರಾತ್ರಿ 7 ಗಂಟೆ ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಿದ್ದರೆ ಉಳಿಯುತ್ತಿದ್ದುದು ತಿಂಗಳಿಗೆ 9 ಯೂನಿಟ್‌ಗೆ ಸಮೀಪ. ಬಳಕೆ 196ರ ಆಸುಪಾಸಿಗೆ ಇಳಿದು ಬಿಲ್ಲು ಸೊನ್ನೆಯಾಗುತ್ತಿತ್ತು. ಗಡಿಯ ಹತ್ತಿರವಿರುವ ಮನೆಗೆ ಈ ಒಂಬತ್ತು ಯೂನಿಟ್‌ಗಳ ಬೆಲೆ ಅರವತ್ತು ರೂಪಾಯಿಯಲ್ಲ, ಸಾವಿರಕ್ಕೂ ಹೆಚ್ಚು.

ಎರಡನೆಯದು, ಗೃಹಸ್ಥನಿಗೆ ಪುಕ್ಕಟೆಯಾದದ್ದು ರಾಜ್ಯಕ್ಕೆ ಪುಕ್ಕಟೆಯಲ್ಲ. ಆ ಯೂನಿಟ್‌ಗಳ ಹಣವನ್ನು ಬೊಕ್ಕಸ ಭರಿಸುತ್ತದೆ, ಬೊಕ್ಕಸವನ್ನು ತೆರಿಗೆದಾರ ತುಂಬುತ್ತಾನೆ. ಒಂದು ಕೋಟಿ ಮನೆಗಳಲ್ಲಿ ತಲಾ 10 ವಾಟ್ ನಿಷ್ಪ್ರಯೋಜಕವಾಗಿ ಸದಾ ಓಡುತ್ತಿದೆ ಎಂದು ಭಾವಿಸಿದರೆ ಅದು 100 ಮೆಗಾವಾಟ್. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ಪ್ರತಿಯೊಂದರ ಸಾಮರ್ಥ್ಯ 103.5 ಮೆಗಾವಾಟ್. ಅಂದರೆ ಒಂದು ಇಡೀ ಘಟಕ ಹೆಚ್ಚು ಕಡಿಮೆ ತನ್ನ ಪೂರ್ಣ ಸಾಮರ್ಥ್ಯದಲ್ಲಿ ವರ್ಷವಿಡೀ ತಿರುಗಿದರೂ ಯಾರಿಗೂ ಉಪಯೋಗವಿಲ್ಲದ ಕೆಲಸಕ್ಕೆ ತಿರುಗಿದಂತಾಗುತ್ತದೆ.

ಅಂಗಡಿಯ ಲೆಕ್ಕ

ಮನೆಗಿಂತ ಅಂಗಡಿಯಲ್ಲಿ ಈ ವೆಚ್ಚ ಹೆಚ್ಚು ಸ್ಪಷ್ಟ. ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಮೆರಾ ಮತ್ತು ಅದರ ಧ್ವನಿಮುದ್ರಿಕೆ ಪೆಟ್ಟಿಗೆ ಸೇರಿ 30 ವಾಟ್, ರೂಟರ್ 8, ಯುಪಿಎಸ್ 15, ಆರಿಸದೆ ಬಿಟ್ಟ ಬಿಲ್ಲಿಂಗ್ ಕಂಪ್ಯೂಟರ್ 50, ಪ್ರಿಂಟರ್ 5 ವಾಟ್ ಎನ್ನೋಣ. ಕ್ಯಾಮೆರಾ ರಾತ್ರಿಯೂ ನಡೆಯಲೇಬೇಕು. ಕಾವಲು ಕಾಯುವುದೇ ಅದರ ಕೆಲಸ. ಕಂಪ್ಯೂಟರ್ ಮತ್ತು ಪ್ರಿಂಟರ್‌ಗೆ ಆ ಅಗತ್ಯವಿಲ್ಲ. ದಿನಕ್ಕೆ 11 ಗಂಟೆ ವ್ಯಾಪಾರ, ಭಾನುವಾರ ರಜೆ ಎಂದರೆ ವರ್ಷದಲ್ಲಿ ಅಂಗಡಿ ಮುಚ್ಚಿರುವ ಅವಧಿ ಸುಮಾರು 5,300 ಗಂಟೆ. ಈ ಅವಧಿಯಲ್ಲಿ 55 ವಾಟ್ ಓಡಿದರೆ ಸುಮಾರು 292 ಯೂನಿಟ್, 2,300 ರೂಪಾಯಿಗೂ ಹೆಚ್ಚು.

ಎರಡು ಸಾವಿರ ಚಿಲ್ಲರೆ ರೂಪಾಯಿ ದೊಡ್ಡದೇ ಎಂದು ಕೇಳಬಹುದು. ಎಲ್ಲ ಖರ್ಚು ಕಳೆದು ಶೇ. 3 ನಿವ್ವಳ ಲಾಭ ಪಡೆಯುವ ವರ್ತಕನು ಅಷ್ಟು ಹಣ ಗಳಿಸಲು ಸುಮಾರು 78,000 ರೂಪಾಯಿಯ ಮಾಲು ಮಾರಬೇಕು. ರಾತ್ರಿ ಬೀಗ ಹಾಕುವ ಮುನ್ನ ಒಂದು ಸ್ವಿಚ್ ಆರಿಸುವುದು ಸುಲಭವೋ, 78,000 ರೂಪಾಯಿಯ ಹೆಚ್ಚುವರಿ ವ್ಯಾಪಾರ ಸುಲಭವೋ ಎಂಬುದನ್ನು ಗಲ್ಲಾದ ಮುಂದೆ ಕುಳಿತವರೇ ಹೇಳಬೇಕು.

ಇನ್ನೊಂದು ಅಂಶವೂ ಇದೆ. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ. ಅದರ ಮೇಲಿರುವುದು ರಾಜ್ಯದ ವಿದ್ಯುತ್ ತೆರಿಗೆ. ಆದಕಾರಣ ಈ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಪೂರ್ತಿ ಮೊತ್ತ ವೆಚ್ಚವಾಗಿಯೇ ಉಳಿಯುತ್ತದೆ. ಇನ್ನು ಮನೆಯೂ ಅಂಗಡಿಯೂ ಒಂದೇ ಕಟ್ಟಡದಲ್ಲಿ ಇರುವವರು ಮೀಟರುಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳತಕ್ಕದ್ದು. ಮನೆಯ ಬಿಲ್ಲು ವ್ಯಾಪಾರದ ಖರ್ಚಲ್ಲ, ಮಾಲೀಕರ ಡ್ರಾಯಿಂಗ್ಸ್. ಗೃಹಬಳಕೆಯ ಸಂಪರ್ಕದಿಂದ ಅಂಗಡಿ ನಡೆಸುವುದು 2003ರ ವಿದ್ಯುತ್ ಕಾಯಿದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆಯಾಗಿದ್ದು, ದುಪ್ಪಟ್ಟು ದರಕ್ಕೆ ಗುರಿಯಾಗಬೇಕಾಗುತ್ತದೆ.

ಅತಿಯಾದ ಉಳಿತಾಯವೂ ಸಲ್ಲ

ಉಳಿತಾಯದ ಹುರುಪಿನಲ್ಲಿ ಗುಡ್ಡ ಅಗೆದು ಇಲಿ ಹಿಡಿದಂತೆ ಆಗಬಾರದು. ಫೋನ್ ಜೋಡಿಸದೆ ಗೋಡೆಯಲ್ಲಿ ಬಿಟ್ಟ ಹೊಸ ಬಗೆಯ ಮೊಬೈಲ್ ಚಾರ್ಜರ್ ಎಳೆಯುವುದು ವಾಟ್‌ನ ಒಂದು ಸಣ್ಣ ಅಂಶ ಮಾತ್ರ. ವರ್ಷಕ್ಕೆ ಕೆಲವೇ ರೂಪಾಯಿಗಳ ಖರ್ಚು. ಮನೆಯವರನ್ನು ಅದಕ್ಕಾಗಿ ಗದರುತ್ತ, ಪಕ್ಕದ ಸೆಟ್‌ಟಾಪ್ ಬಾಕ್ಸನ್ನು ಮರೆಯುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ. ಸ್ವಿಚ್ ಆರಿಸಿದ ಸೆಟ್‌ಟಾಪ್ ಬಾಕ್ಸ್ ಮತ್ತೆ ಸಿದ್ಧವಾಗಲು ಕೆಲ ನಿಮಿಷ ಹಿಡಿಯುತ್ತದೆ ಎಂಬ ಅನಾನುಕೂಲವೂ ನಿಜ. ಔಷಧ ಇರಿಸಿದ ಶೀತಕ, ಕಾವಲಿನ ಕ್ಯಾಮೆರಾ, ವೃದ್ಧರಿರುವ ಮನೆಯ ದೂರವಾಣಿ ಸಂಪರ್ಕ ಇವುಗಳನ್ನು ಆರಿಸುವ ಮಾತೇ ಇಲ್ಲ. ಯಾವುದು ಅಗತ್ಯ, ಯಾವುದು ಅನಗತ್ಯ ಎಂಬುದನ್ನು ಅಳತೆಯಿಂದ ತೀರ್ಮಾನಿಸಬೇಕು.

ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಶನಿವಾರ ರಾತ್ರಿ ಅಂಗಡಿ ಮುಚ್ಚುವಾಗ ಮೀಟರಿನ ಅಂಕಿ ಬರೆದಿಟ್ಟು, ಸೋಮವಾರ ಬೆಳಿಗ್ಗೆ ಬಾಗಿಲು ತೆರೆದೊಡನೆ ಮತ್ತೆ ಬರೆದರೆ ಸಾಕು. ನಡುವಣ ವ್ಯತ್ಯಾಸವೇ ಅಂಗಡಿಯ ಅಡಗಿದ ಸ್ಥಿರ ವೆಚ್ಚ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಎಷ್ಟು ಮಿಟುಕಿಗೆ ಒಂದು ಯೂನಿಟ್ ಎಂಬುದು ಮುದ್ರಿತವಾಗಿರುತ್ತದೆ. ಅದು 3,200 ಎಂದಿದ್ದು, ಫ್ರಿಜ್ ಮತ್ತು ದೀಪಗಳನ್ನು ಆರಿಸಿದ ಮೇಲೂ ಕೆಂಪು ದೀಪ ಗಂಟೆಗೆ 115 ಸಲ ಮಿಟುಕಿದರೆ, 36 ವಾಟ್ ಎಲ್ಲಿಯೋ ಹರಿಯುತ್ತಿದೆ ಎಂದೇ ಅರ್ಥ.

ಕಾರ್ಖಾನೆಗಳವರಿಗೆ ಇದೇ ತತ್ವ ದೊಡ್ಡ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಗಾಳಿ ಬಳಕೆಯಿಲ್ಲದೆ ಸುಮ್ಮನೆ ಓಡುವ ಸ್ಕ್ರೂ ಕಂಪ್ರೆಸರ್ ಪೂರ್ಣ ಹೊರೆಯ ಸುಮಾರು ಶೇ. 30ರಷ್ಟು ವಿದ್ಯುತ್ ಎಳೆಯಬಲ್ಲದು. 15 ಕಿಲೋವಾಟ್ ಕಂಪ್ರೆಸರನ್ನು ಊಟದ ಒಂದು ಗಂಟೆ ಆರಿಸದಿದ್ದರೆ 300 ಕೆಲಸದ ದಿನಗಳಲ್ಲಿ 1,350 ಯೂನಿಟ್, 8 ರೂಪಾಯಿಯಂತೆ 10,800 ರೂಪಾಯಿ ವ್ಯರ್ಥ.

ತಯಾರಕರ ಮತ್ತು ಸಂಸ್ಥೆಯ ಹೊಣೆ

ಬಳಕೆದಾರನ ಶಿಸ್ತೊಂದರಿಂದಲೇ ಈ ಪೋಲು ನಿಲ್ಲುವುದಿಲ್ಲ, ಸಾಧನವೇ ಮಿತವ್ಯಯಿಯಾಗಿರಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 1999ರಲ್ಲಿಯೇ ಕಾಯುವ ಸ್ಥಿತಿಯ ಬಳಕೆ ಒಂದು ವಾಟ್ ಮೀರಬಾರದು ಎಂಬ ಗುರಿಯನ್ನು ಜಗತ್ತಿನ ಮುಂದಿಟ್ಟಿತು. ಅಮೆರಿಕದ ಅಧ್ಯಕ್ಷರು 2001ರಲ್ಲಿ ಸರ್ಕಾರಿ ಖರೀದಿಗೆ ಈ ಮಿತಿಯನ್ನು ಅನ್ವಯಿಸಿ ಆದೇಶ ಹೊರಡಿಸಿದರು. ಐರೋಪ್ಯ ಒಕ್ಕೂಟ 2010ರಿಂದ ಒಂದು ವಾಟ್, 2013ರಿಂದ ಅರ್ಧ ವಾಟ್ ಮಿತಿಯನ್ನು ಬಹುತೇಕ ಗೃಹಸಾಧನಗಳಿಗೆ ಕಡ್ಡಾಯ ಮಾಡಿತು. ಗಡಿಯಾರ ಅಥವಾ ಮಾಹಿತಿ ಫಲಕವಿರುವ ಸಾಧನಗಳಿಗೆ ಮಾತ್ರ ತುಸು ಸಡಿಲ. ಹೊರೆಯಿಲ್ಲದ ಸಣ್ಣ ಅಡಾಪ್ಟರುಗಳಿಗೆ 2020ರಿಂದ ಅಲ್ಲಿ ವಾಟ್‌ನ ಹತ್ತನೇ ಒಂದು ಭಾಗವೇ ಮಿತಿ. ರಫ್ತಿನ ಕನಸು ಕಾಣುವ ಅಡಾಪ್ಟರ್, ಯುಪಿಎಸ್, ಎಲ್‌ಇಡಿ ಚಾಲಕ ತಯಾರಕರು ಇದನ್ನು ಅಡ್ಡಿಯೆಂದು ಭಾವಿಸದೆ ಮಾರುಕಟ್ಟೆಯ ಪ್ರವೇಶಪತ್ರವೆಂದು ಭಾವಿಸುವುದು ಒಳಿತು. ಕಬ್ಬಿಣದ ತಿರುಳಿನ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಸುಮ್ಮನಿದ್ದಾಗಲೂ ಬೆಚ್ಚಗಿರುತ್ತದೆ. ಆ ಬೆಚ್ಚನೆಯ ಬೆಲೆಯನ್ನು ಕೊಂಡವನು ವರ್ಷವರ್ಷವೂ ತೆರುತ್ತಾನೆ.

ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯಡಿ ಇಂಧನ ದಕ್ಷತಾ ಬ್ಯೂರೋ 2002ರಲ್ಲಿ ಸ್ಥಾಪಿತವಾಗಿ, 2006ರಲ್ಲಿ ನಕ್ಷತ್ರಗಳ ಪಟ್ಟಿಯನ್ನು ಆರಂಭಿಸಿತು. ಫ್ರಿಜ್ ಕೊಳ್ಳುವ ಗ್ರಾಹಕ ಇಂದು ನಕ್ಷತ್ರ ಎಣಿಸುವಷ್ಟು ಜಾಗೃತನಾಗಿದ್ದಾನೆ. ಅದೇ ರೀತಿಯಲ್ಲಿ ರೂಟರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ಹಾಗೂ ಕ್ಯಾಮೆರಾ ಪೆಟ್ಟಿಗೆಗಳ ಮೇಲೆ ಕೆಲಸದ ಮತ್ತು ಕಾಯುವ ಸ್ಥಿತಿಯ ವಾಟ್, ಜೊತೆಗೆ ವಾರ್ಷಿಕ ಯೂನಿಟ್ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗಬೇಕೆಂದು ವಾಣಿಜ್ಯ ಸಂಸ್ಥೆಗಳು ಬ್ಯೂರೋದ ಮುಂದೆಯೂ, ರಾಜ್ಯದಲ್ಲಿ ಇಂಧನ ಸಂರಕ್ಷಣೆಯ ಹೊಣೆ ಹೊತ್ತ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ ಮುಂದೆಯೂ ಒತ್ತಾಯಿಸುವುದು ಯುಕ್ತ. ಎಲೆಕ್ಟ್ರಾನಿಕ್ ಸರಕಿನ ವ್ಯಾಪಾರಿಗಳು ಅಷ್ಟರವರೆಗೆ ಕಾಯಬೇಕಾದ್ದಿಲ್ಲ. ಐನೂರು ರೂಪಾಯಿ ಅಗ್ಗದ ಸಾಧನವು 10 ವಾಟ್ ಹೆಚ್ಚು ಎಳೆಯುವುದಾದರೆ ಒಂದೇ ವರ್ಷದಲ್ಲಿ ಆ ಅಗ್ಗ ಕರಗಿಹೋಗುತ್ತದೆ ಎಂಬ ಮಾತನ್ನು ಗಿರಾಕಿಗೆ ಹೇಳಬಲ್ಲ ವ್ಯಾಪಾರಿಯ ಮೇಲೆ ವಿಶ್ವಾಸ ಹುಟ್ಟುತ್ತದೆ.

ಹನಿ ಹನಿಗೂಡಿದರೆ ಹಳ್ಳ ಎಂಬುದು ಆದಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವ ವರ್ತಕರು, ಅದೇ ದಿನ ಅಂಗಡಿ ಮತ್ತು ಮನೆಯಲ್ಲಿ ಸದಾ ಓಡುವ ಸಾಧನಗಳನ್ನೂ ಎಣಿಸಿ, ಪ್ರತಿಯೊಂದರ ಎದುರು ವಾಟ್ ಮತ್ತು ವಾರ್ಷಿಕ ರೂಪಾಯಿಯನ್ನು ಬರೆದಿಡುವ ಪದ್ಧತಿ ಆರಂಭಿಸಬೇಕು. ಅದಕ್ಕೆ ಬೇಕಾದುದು ಒಂದು ಹಾಳೆ ಕಾಗದ ಮತ್ತು ಅರ್ಧ ಗಂಟೆ. ಯಾವುದನ್ನು ಆರಿಸಬೇಕೆಂಬುದನ್ನು ಆ ಹಾಳೆಯೇ ಹೇಳುತ್ತದೆ.